ಒಂದೇ ರಾತ್ರಿಯಲ್ಲಿ ಬರೆದ 28 ದಿನ

ಮೊದಲೇ ಒಪ್ಪಿಕೊಂಡುಬಿಡ್ತೀವಿ. ಎರಡನೇ ಸೆಮಿಸ್ಟರ್ ಆದ ಮೇಲೆ ಮಾಡಬೇಕಿದ್ದ ನಾಲ್ಕು ವಾರದ ಇಂಟರ್ನ್‌ಶಿಪ್‌ನ ಡೈರಿಯನ್ನು ನಾವು ಒಂದೇ ರಾತ್ರಿಯಲ್ಲಿ ಬರೆದೆವು. 28 ದಿನ, 28 ಪುಟ. ಹಾಸ್ಟೆಲ್ ರೂಮಿನ ನೆಲದ ಮೇಲೆ ರೆಕಾರ್ಡ್ ಬುಕ್ಕುಗಳನ್ನು ಹರಡಿಕೊಂಡು, ಫ್ಲಾಸ್ಕಲ್ಲಿ ಟೀ ತುಂಬಿಸಿಕೊಂಡು ರಾತ್ರಿ ಹತ್ತಕ್ಕೆ ಕೂತವರು ಎದ್ದಿದ್ದು ಬೆಳಗ್ಗೆ ನಾಲ್ಕೂವರೆಗೆ. ರೆಕಾರ್ಡ್ ನಾಲ್ಕು, ಬರೆಯುವವರು ಮೂವರು. ನಮ್ಮ ನಾಲ್ಕನೇ ರೂಮ್‌ಮೇಟ್ ತಲೆನೋವು ಅಂತ ಹೇಳಿ ಗೋಡೆ ಕಡೆ ತಿರುಗಿ ಮಲಗಿದ್ದ. ಪಾಪ ಅಂತ ಅವನದ್ದನ್ನೂ ನಾವೇ ಬರೆದುಕೊಟ್ಟೆವು. ದೋಸ್ತಿ ಅಂದ್ರೆ ಇದೇ ಅಂತ ಆವಾಗ ನಮಗೆ ನಮ್ಮ ಮೇಲೆ ಸ್ವಲ್ಪ ಹೆಮ್ಮೆಯೂ ಆಗಿತ್ತು.

ಏನು ಬರೆದೆವು ಅಂತ ಕೇಳಬೇಡಿ. ನೀವೂ ಅದನ್ನೇ ಬರೆದಿರ್ತೀರಿ. 'ಇವತ್ತು ಸರ್ಕ್ಯೂಟ್ ಬೋರ್ಡ್ ವಿನ್ಯಾಸದ ಮೂಲ ತತ್ವಗಳನ್ನು ಕಲಿತೆ. ತುಂಬಾ ಉಪಯುಕ್ತವಾಗಿತ್ತು.' ಮರುದಿನ ಅದೇ ವಾಕ್ಯ, ಸರ್ಕ್ಯೂಟ್ ಬೋರ್ಡ್ ಜಾಗದಲ್ಲಿ ಸೆನ್ಸರ್. ಅದರ ಮರುದಿನ ಮೈಕ್ರೋಕಂಟ್ರೋಲರ್. ನಿಜ ಹೇಳಬೇಕೆಂದರೆ ನಾವು ಹೋಗಿದ್ದೇ ಅರ್ಧದಷ್ಟು ದಿನ. ಉಳಿದ ದಿನ ಎದ್ದಾಗಲೇ ಹನ್ನೊಂದಾಗಿರುತ್ತಿತ್ತು.

ವೈವಾ ದಿನ ಗೈಡ್ ಸರ್ ನಮ್ಮ ರೆಕಾರ್ಡುಗಳನ್ನು ಸುಮ್ಮನೆ ತಿರುವಿ ಹಾಕಿದರು. ಒಂದು ಪುಟದಲ್ಲಿ ನಿಂತರು. 'ಭಾನುವಾರವೂ ಹೋಗಿದ್ರಾ? ಗುಡ್.' ಇನ್ನೊಂದು ಪುಟ. 'ಈ ದಿನ ಸಾಲ್ಡರಿಂಗ್ ಮಾಡಿದ್ದೀರಿ. ನಮ್ಮ ಮನೆ ಅದೇ ಏರಿಯಾದಲ್ಲಿದೆ. ಅವತ್ತು ಬೆಳಗ್ಗೆಯಿಂದ ಸಂಜೆವರೆಗೂ ಕರೆಂಟ್ ಇರಲಿಲ್ಲ.' ನಾವು ನಾಲ್ವರೂ ನೆಲ ನೋಡುತ್ತಾ ನಿಂತೆವು. ಬೈತಾರೆ ಅಂದುಕೊಂಡೆವು, ಬೈಯಲಿಲ್ಲ. ಸಹಿ ಹಾಕಿ ಕೊಟ್ಟರು. ಕೊಡುವಾಗ ಒಂದು ಮಾತು ಹೇಳಿದರು: 'ನಿಮಗಿಂತ ನಾಲ್ಕೈದು ವರ್ಷ ದೊಡ್ಡ ಹುಡುಗ ಒಬ್ಬ ಕುದುರೆ ಮೇಲೆ ಕೂತು ತಿಂಗಳುಗಟ್ಟಲೆ ಹೋಗ್ತಾ ಡೈರಿ ಬರೆದ. ಅವನ ಹೆಸರು ಡಾರ್ವಿನ್. ಟೈಮ್ ಸಿಕ್ಕಿದ್ರೆ ಓದಿ.'

ಡಾರ್ವಿನ್ ಅಂದ್ರೆ ನಮಗೆ ಗೊತ್ತಿದ್ದಿದ್ದು ಒಂದೇ ಫೋಟೋ. ಹತ್ತನೇ ಕ್ಲಾಸಿನ ಬಯಾಲಜಿ ಪುಸ್ತಕದ ಬಿಳಿ ಗಡ್ಡದ ತಾತ. ಆ ತಾತ ಕುದುರೆ ಹತ್ತುವುದನ್ನು ಕಲ್ಪಿಸಿಕೊಳ್ಳೋಕೂ ಆಗಲಿಲ್ಲ. ಕುದುರೆ ವಿಷಯದಲ್ಲಿ ನಮ್ಮ ಅನುಭವ ಕೂಡ ಅಷ್ಟಕ್ಕಷ್ಟೇ. ನಮ್ಮಲ್ಲೊಬ್ಬ ಚಿಕ್ಕವನಿದ್ದಾಗ ಊಟಿ ಕೆರೆ ಹತ್ತಿರ ಒಂದು ರೌಂಡ್ ಹೋಗಿ ಬಂದಿದ್ದಾನೆ, ಅದೂ ಕುದುರೆಯವನು ಲಗಾಮು ಹಿಡಿದುಕೊಂಡು. ಆದರೂ ಸರ್ ಹೇಳಿದ ಮಾತು ತಲೆಯಲ್ಲಿ ಕೂತಿತ್ತು. ಒಂದು ದಿನ ಮೆಸ್ಸಿನಿಂದ ಬಂದು ಹುಡುಕಿದೆವು. ಡಾರ್ವಿನ್ನನ ಜೇಬಿನ ಪುಸ್ತಕಗಳು, ಡೈರಿ, ಪತ್ರಗಳು ಎಲ್ಲವೂ ಅಂತರ್ಜಾಲದಲ್ಲಿ ಉಚಿತವಾಗಿ ಸಿಗ್ತವೆ. ಒಂದು ಗಂಟೆ ನೋಡಿ ಮಲಗೋಣ ಅಂದುಕೊಂಡವರು ವಾರವಿಡೀ ಅದನ್ನೇ ಓದಿದೆವು.

ಕಥೆ ಹೀಗಿದೆ. ಬೀಗಲ್ ಅನ್ನೋ ಹಡಗು 1831ರ ಡಿಸೆಂಬರ್ 27ರಂದು ಇಂಗ್ಲೆಂಡಿನ ಪ್ಲಿಮತ್‌ನಿಂದ ಹೊರಟಿತು. ದಕ್ಷಿಣ ಅಮೆರಿಕದ ಕರಾವಳಿಯ ನಕ್ಷೆ ಮಾಡುವುದು ಅದರ ಕೆಲಸ. ಅದರಲ್ಲಿ ಹೋದ ಡಾರ್ವಿನ್ನನಿಗೆ ಆಗ 22 ವರ್ಷ. ಡಿಗ್ರಿ ಮುಗಿದಿದೆ, ಮುಂದೇನು ಅಂತ ಗೊತ್ತಿಲ್ಲ. ಅಪ್ಪನಿಗೆ ಮೊದಲು ಈ ಪ್ರಯಾಣವೇ ಇಷ್ಟವಿರಲಿಲ್ಲ. ಇದನ್ನೆಲ್ಲಾ ಓದಿದ ಮೇಲೆ ಅವನಿಗೆ ಬಹುವಚನ ಹಚ್ಚೋಕೆ ನಮ್ಮ ಕೈಲಾಗಲಿಲ್ಲ. ಹಾಗಾಗಿ ಇಲ್ಲಿ ಏಕವಚನವೇ. ಇನ್ನೊಂದು ವಿಷಯ, ಅವನಿಗೆ ಹಡಗು ಆಗುತ್ತಿರಲಿಲ್ಲ. ಐದು ವರ್ಷವೂ ಸಮುದ್ರದ ಮೇಲೆ ಹೊಟ್ಟೆ ತೊಳಸುವುದು, ವಾಂತಿ. ಆದ್ದರಿಂದ ಹಡಗು ಕರಾವಳಿ ಅಳೆಯುತ್ತಿದ್ದರೆ ಇವನು ಅವಕಾಶ ಸಿಕ್ಕಾಗಲೆಲ್ಲ ನೆಲಕ್ಕಿಳಿದು ಕುದುರೆ ಹತ್ತಿಬಿಡುತ್ತಿದ್ದ. ಐದು ವರ್ಷದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಅವನು ನೆಲದ ಮೇಲೇ ಇದ್ದ.

ನಾವು ಹೆಚ್ಚಾಗಿ ಓದಿದ್ದು 1833ರ ಆಗಸ್ಟ್, ಸೆಪ್ಟೆಂಬರ್‌ನ ಪುಟಗಳನ್ನು. ಈಗಿನ ಅರ್ಜೆಂಟೀನಾ. ಆಗಸ್ಟ್ 11ರಂದು ರಿಯೋ ನೀಗ್ರೊ ನದಿಯ ದಡದ ಎಲ್ ಕಾರ್ಮೆನ್ ಅನ್ನೋ ಊರಿನಿಂದ ಹೊರಟು, 17ಕ್ಕೆ ಬಹಿಯಾ ಬ್ಲಾಂಕಾ ತಲುಪಿ, ಅಲ್ಲಿ ಮೂರು ವಾರ ಇದ್ದು, ಮತ್ತೆ ಸೆಪ್ಟೆಂಬರ್ 8ಕ್ಕೆ ಹೊರಟು 20ನೇ ತಾರೀಕು ಬ್ಯೂನಸ್ ಐರಿಸ್ ಮುಟ್ಟಿದ. ಒಟ್ಟು ದೂರ ನಮ್ಮ ಬೆಂಗಳೂರು ಮುಂಬೈ ಹತ್ತಿರ ಹತ್ತಿರ ಬರುತ್ತೆ. ಪೂರ್ತಿ ಪಂಪಾಸ್ ಬಯಲು. ಕಣ್ಣು ಹಾಯಿಸಿದಷ್ಟೂ ಹುಲ್ಲು, ಮರ ಇಲ್ಲ, ರಸ್ತೆ ಇಲ್ಲ, ಮನುಷ್ಯರೂ ಇಲ್ಲದಂಥ ಜಾಗ. ಜೊತೆಗೆ ಗೌಚೊಗಳು, ಅಂದರೆ ಅಲ್ಲಿನ ದನ ಕಾಯುವ ಕುದುರೆ ಸವಾರರು.

ಅವನು ಬರೆಯುತ್ತಿದ್ದ ರೀತಿ ಎಂಜಿನಿಯರಿಂಗ್ ಓದುವವರಿಗೆ ಇಷ್ಟವಾಗುವಂಥದ್ದು. ಜೇಬಲ್ಲಿ ಹಿಡಿಯುವಂಥ ಒಂದು ಪುಟ್ಟ ಪುಸ್ತಕ, ಒಂದು ಪೆನ್ಸಿಲ್. ಹೋಗ್ತಾ ಹೋಗ್ತಾ ಅದರಲ್ಲಿ ಗೀಚುವುದು. ವಾಕ್ಯಗಳೇ ಅಲ್ಲ, ತುಂಡು ತುಂಡು ಪದಗಳು. ಕಲ್ಲಿನ ಬಣ್ಣ, ಹಕ್ಕಿಯ ಹೆಸರು, ಯಾರೋ ಹೇಳಿದ ಮಾತು, ದೂರದ ಅಂದಾಜು. ಕೆಲವು ಕಡೆ ಅಕ್ಷರ ಎಷ್ಟು ಕೆಟ್ಟದಾಗಿದೆ ಅಂದರೆ ನಮ್ಮ ಲ್ಯಾಬ್ ರಫ್ ಬುಕ್ಕೇ ವಾಸಿ ಅನ್ನಿಸಿತು. ಆಮೇಲೆ ಎಲ್ಲಾದರೂ ನೆಮ್ಮದಿಯಾಗಿ ಕೂರಲು ಜಾಗ ಸಿಕ್ಕಾಗ ಅದನ್ನು ಇಟ್ಟುಕೊಂಡು ಶಾಯಿಯಲ್ಲಿ ಡೈರಿ ಬರೆಯುತ್ತಿದ್ದ. ಕಲ್ಲು ಮಣ್ಣಿನ ವಿಷಯಕ್ಕೆ ಬೇರೆ ನೋಟ್ಸ್, ಪ್ರಾಣಿಗಳಿಗೆ ಬೇರೆ ನೋಟ್ಸ್, ಸಂಗ್ರಹಿಸಿದ ಒಂದೊಂದು ವಸ್ತುವಿಗೂ ನಂಬರ್. ಡೈರಿಯೊಂದೇ ಏಳುನೂರಕ್ಕೂ ಹೆಚ್ಚು ಪುಟ ಇದೆ. ಅದನ್ನು ಕಂತು ಕಂತಾಗಿ ಮನೆಗೆ ಕಳಿಸುತ್ತಿದ್ದ. ಅಕ್ಕ ಕ್ಯಾರೊಲಿನ್ ಓದಿ, ನೀನು ಹಂಬೋಲ್ಟ್‌ನ ಪುಸ್ತಕ ಓದಿ ಓದಿ ಅವನ ಹಾಗೇ ಹೂವಿನಂಥ ಭಾಷೆ ಬಳಸ್ತಿದ್ದೀಯ, ನಿನ್ನ ಸರಳ ಶೈಲಿಯೇ ಚೆನ್ನಾಗಿತ್ತು ಅನ್ನೋ ಅರ್ಥದಲ್ಲಿ ವಾಪಸ್ ಬರೆದಿದ್ದಳು. ಅಕ್ಕಂದಿರು ಎಲ್ಲಾ ಕಾಲದಲ್ಲೂ ಒಂದೇ ಥರ.

ನಾವು ಅಂದುಕೊಂಡಿದ್ದು ಅದರಲ್ಲಿ ದೊಡ್ಡ ದೊಡ್ಡ ವಿಜ್ಞಾನದ ಮಾತುಗಳೇ ಇರ್ತವೆ ಅಂತ. ಮೊದಲ ದಿನವೇ ಸಿಕ್ಕಿದ್ದು ಒಂದು ಮರ. ಆ ಬಯಲಿನಲ್ಲಿ ಒಂಟಿಯಾಗಿ ನಿಂತ ಮರವನ್ನು ಅಲ್ಲಿನ ಮೂಲನಿವಾಸಿಗಳು ವಾಲೀಚು ದೇವರ ಜಾಗ ಅಂತ ಪೂಜಿಸುತ್ತಿದ್ದರು. ಚಳಿಗಾಲವಾದ್ದರಿಂದ ಮರದಲ್ಲಿ ಎಲೆ ಇಲ್ಲ. ಎಲೆಯ ಬದಲು ಕೊಂಬೆಗಳ ತುಂಬ ದಾರಗಳು. ದಾರಕ್ಕೆ ಹರಕೆಯಾಗಿ ಕಟ್ಟಿದ ಚುಟ್ಟಾ, ರೊಟ್ಟಿ, ಮಾಂಸ, ಬಟ್ಟೆ ತುಂಡು. ಕಟ್ಟೋಕೆ ಏನೂ ಇಲ್ಲದ ಬಡವರು ತಮ್ಮ ಹೊದಿಕೆಯಿಂದಲೇ ಒಂದು ಎಳೆ ಕಿತ್ತು ಕಟ್ಟುತ್ತಿದ್ದರಂತೆ. ಸುತ್ತ ಬಲಿ ಕೊಟ್ಟ ಕುದುರೆಗಳ ಮೂಳೆ. ಇಷ್ಟನ್ನೂ ಬರೆದ ಮೇಲೆ ಅವನು ಇನ್ನೊಂದು ಸಂಗತಿಯನ್ನೂ ಬರೆಯುತ್ತಾನೆ: ಅವರು ಹರಕೆ ಕಟ್ಟಿ ಆ ಕಡೆ ಹೋಗುವುದನ್ನೇ ಕಾದು, ಆಮೇಲೆ ಹೋಗಿ ಅದನ್ನು ಕದಿಯುತ್ತೇವೆ ಅಂತ ಗೌಚೊಗಳು ಹೇಳಿದ್ದು. ಊರ ಹೊರಗಿನ ಮರಕ್ಕೆ ದಾರ, ಬಳೆ, ತೊಟ್ಟಿಲು ಕಟ್ಟುವುದನ್ನು ನೋಡಿ ಬೆಳೆದ ನಮಗೆ ಆ ಪುಟ ಓದುವಾಗ ಅರ್ಜೆಂಟೀನಾ ದೂರದ ದೇಶ ಅನ್ನಿಸಲಿಲ್ಲ.

ಅದೇ ರಾತ್ರಿ ಮೊದಲ ಬಾರಿಗೆ ಬಯಲಲ್ಲಿ ಮಲಗಿದ. ದಾರಿಯಲ್ಲಿ ಗೌಚೊಗಳ ಕಣ್ಣಿಗೆ ಒಂದು ಹಸು ಬಿದ್ದು, ಹಗ್ಗ ಬೀಸಿ ಹಿಡಿದು ಅಲ್ಲೇ ಅಡುಗೆಯಾಯಿತು. ಕುದುರೆಗೆ ಹುಲ್ಲು, ಒಂದು ಗುಂಡಿ ಕೆಸರು ನೀರು, ಮಾಂಸ, ಸೌದೆ. ಇಷ್ಟು ಸಿಕ್ಕಿದರೆ ಗೌಚೊಗೆ ಅದು ಐಷಾರಾಮಿ. ಅಲ್ಲಿನ ಜೀನಿಗೆ ರೆಕಾಡೊ ಅಂತಾರೆ. ಹಗಲು ಕುದುರೆ ಮೇಲೆ ಕೂರೋಕೆ, ರಾತ್ರಿ ಹಾಸಿಗೆಯಾಗಿ ಹಾಸೋಕೆ. ಮುಂದೆ ಸಿಯೆರಾ ಡಿ ಲಾ ವೆಂಟಾನಾ ಅನ್ನೋ ಬೆಟ್ಟದ ಬುಡದಲ್ಲಿ ಮಲಗಿದ ರಾತ್ರಿ ಹೊದ್ದುಕೊಂಡಿದ್ದ ಜೀನಿನ ಬಟ್ಟೆ ಇಬ್ಬನಿಗೆ ನೆಂದು, ಬೆಳಗ್ಗೆ ನೋಡಿದರೆ ಹೆಪ್ಪುಗಟ್ಟಿತ್ತು. ಮರುದಿನ ಬೆಟ್ಟ ಹತ್ತುವಾಗ ಎರಡೂ ತೊಡೆಗೆ ಸೆಳೆತ ಬಂತು. ಅದನ್ನೂ ಬರೆದಿದ್ದಾನೆ. ಅದರಲ್ಲಿ ವಿಜ್ಞಾನ ಏನೂ ಇಲ್ಲ. ಅವತ್ತು ತೊಡೆ ನೋವಾಯಿತು, ಅಷ್ಟೇ.

ಬಹಿಯಾ ಬ್ಲಾಂಕಾದಿಂದ ಹೊರಡುವ ಮುಂಚೆ ಜೊತೆಗೆ ಬರುವವನೊಬ್ಬನನ್ನು ಹುಡುಕುವುದೇ ಕಷ್ಟವಾಗಿತ್ತು. ಅಲ್ಲಿ ಯುದ್ಧ ನಡೀತಿದ್ದ ಕಾಲ. ಒಬ್ಬನಿಗೆ ಅಪ್ಪ ಕಳಿಸಲು ಹೆದರಿದ. ಇನ್ನೊಬ್ಬ ಬರೋಕೆ ರೆಡಿ, ಆದರೆ ಅವನು ಎಷ್ಟು ಪುಕ್ಕಲ ಅಂದರೆ ದೂರದಲ್ಲಿ ಉಷ್ಟ್ರಪಕ್ಷಿ ಕಂಡರೂ ಶತ್ರುಗಳೇ ಬಂದರು ಅಂತ ಓಡಿಹೋಗ್ತಾನೆ ಅಂತ ಜನ ಎಚ್ಚರಿಸಿದರು. ಕೊನೆಗೆ ಒಬ್ಬ ಗೌಚೊ ಸಿಕ್ಕಿದ. ದಾರಿಯಲ್ಲಿ ಅಲ್ಲಲ್ಲಿ ಪೋಸ್ಟಾ ಅನ್ನೋ ಸೈನಿಕರ ಠಾಣೆಗಳು, ಅಲ್ಲಿ ಕುದುರೆ ಬದಲಾಯಿಸಬಹುದು. ಊಟಕ್ಕೆ ಮಾತ್ರ ಮಾಂಸ, ಮತ್ತೆ ಮಾಂಸ, ಇನ್ನೂ ಮಾಂಸ. ಒಂದು ಠಾಣೆಯಲ್ಲಿ ಕೊಟ್ಟ ಬೆಳ್ಳಗಿನ ಮಾಂಸ ಪೂರ್ತಿ ಬೆಳೆಯದ ಕರುವಿನದಿರಬಹುದು ಅಂತ ಅವನಿಗೆ ಭಯ. ಕೇಳಿದರೆ ಪ್ಯೂಮಾ, ಅಂದರೆ ಅಲ್ಲಿನ ದೊಡ್ಡ ಕಾಡುಬೆಕ್ಕು! ತಪಾಲ್ಕೆ ಹತ್ತಿರ ಸಣ್ಣ ಸೇಬಿನ ಗಾತ್ರದ ಆಲಿಕಲ್ಲು ಬಿದ್ದು ಜಿಂಕೆಗಳು ಸತ್ತಿವೆ ಅಂತ ಜನ ಹೇಳಿದರು. ಆಲಿಕಲ್ಲು ಬಿದ್ದಿದ್ದನ್ನು ಇವನು ನೋಡಿಲ್ಲ. ಹಾಗಾಗಿ ಅವರು ಹೇಳಿದ್ದು ಇದು, ನಾನು ಕಣ್ಣಾರೆ ನೋಡಿದ್ದು ಜಿಂಕೆಯ ಹಸಿ ಚರ್ಮಗಳನ್ನು, ಅಂತ ಬೇರೆ ಬೇರೆ ಮಾಡಿ ಬರೆಯುತ್ತಾನೆ. ಅವತ್ತು ಊಟ ಮಾಡಿದ್ದೂ ಹಾಗೆ ಸತ್ತ ಪ್ರಾಣಿಯ ಮಾಂಸವನ್ನೇ. ಕೇಳಿದ್ದು, ನೋಡಿದ್ದು, ತಿಂದಿದ್ದು, ಮೂರೂ ಬೇರೆ ಬೇರೆ ಕಾಲಮ್ಮು.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಅವನ ತಪ್ಪುಗಳು. ಡೈರಿ ತುಂಬ ಅವನು ಪೆದ್ದನಾದ ಕಥೆಗಳಿವೆ. ಬೋಲಾಸ್ ಅಂತ ಗೌಚೊಗಳ ಒಂದು ಆಯುಧ ಇದೆ. ಹಗ್ಗದ ತುದಿಗಳಿಗೆ ಗುಂಡು ಕಟ್ಟಿರುತ್ತೆ. ತಲೆಯ ಮೇಲೆ ಗರಗರ ತಿರುಗಿಸಿ ಬಿಟ್ಟರೆ ಓಡುವ ಪ್ರಾಣಿಯ ಕಾಲಿಗೆ ಸುತ್ತಿಕೊಳ್ಳುತ್ತೆ. ಅದೇ ವರ್ಷ ಉರುಗ್ವೆಯ ಮಾಲ್ಡೊನಾಡೊ ಕಡೆ ಇದ್ದಾಗ ಇವನೂ ಜೋಶ್‌ನಲ್ಲಿ ಕುದುರೆ ಓಡಿಸುತ್ತಾ ಅದನ್ನು ತಿರುಗಿಸಿದ. ಒಂದು ಗುಂಡು ಪೊದೆಗೆ ತಗುಲಿ ಕೆಳಗೆ ಬಿದ್ದು, ಅವನ ಕುದುರೆಯ ಹಿಂಗಾಲಿಗೇ ಸುತ್ತಿಕೊಂಡಿತು. ಕುದುರೆ ಪಳಗಿದ್ದು, ನಿಂತುಬಿಟ್ಟಿತು, ಇಲ್ಲದಿದ್ದರೆ ವಿಕಾಸವಾದ ಅಲ್ಲೇ ಮುಗಿಯುತ್ತಿತ್ತು. ಎಲ್ಲಾ ಥರದ ಪ್ರಾಣಿ ಹಿಡಿಯುವುದನ್ನು ನೋಡಿದ್ದೇವೆ, ತನ್ನನ್ನು ತಾನೇ ಹಿಡಿದುಕೊಂಡ ಮನುಷ್ಯನನ್ನು ಇವತ್ತೇ ನೋಡಿದ್ದು ಅಂತ ಗೌಚೊಗಳು ಬಿದ್ದು ಬಿದ್ದು ನಕ್ಕರು. ಅದನ್ನೂ ಅವನೇ ಬರೆದಿಟ್ಟಿದ್ದಾನೆ.

ಇನ್ನೊಂದು ಇದಕ್ಕಿಂತ ದೊಡ್ಡದು. ರಿಯೋ ನೀಗ್ರೊ ಹತ್ತಿರ ಗೌಚೊಗಳು ರಿಯಾ ಅನ್ನೋ ದೊಡ್ಡ ಹಕ್ಕಿಯ ಇನ್ನೊಂದು ಜಾತಿ ಇದೆ, ಗಿಡ್ಡದು, ಅಪರೂಪದ್ದು ಅಂತ ಹೇಳುತ್ತಿದ್ದರು. ಕೇಳಿಸಿಕೊಂಡಿದ್ದ, ಆದರೆ ಕಣ್ಣಿಗೆ ಬಿದ್ದಿರಲಿಲ್ಲ. ಕೆಲವು ತಿಂಗಳಾದ ಮೇಲೆ ಇನ್ನೂ ದಕ್ಷಿಣದ ಪೋರ್ಟ್ ಡಿಸೈರ್‌ನಲ್ಲಿ ಹಡಗಿನ ಚಿತ್ರಕಾರ ಮಾರ್ಟೆನ್ಸ್ ಒಂದು ಹಕ್ಕಿ ಹೊಡೆದು ತಂದ. ಮಾಮೂಲಿ ಜಾತಿಯ ಮರಿ ಇರಬೇಕು ಅಂತ ಡಾರ್ವಿನ್ ಸುಮ್ಮನಾದ. ಹಕ್ಕಿ ಬೆಂದು ಎಲ್ಲರ ಹೊಟ್ಟೆ ಸೇರಿದ ಮೇಲೆ ಅವನಿಗೆ ಗೌಚೊಗಳ ಮಾತು ನೆನಪಾಯಿತು. ಎದ್ದು ಓಡಿ ಉಳಿದಿದ್ದ ತಲೆ, ಕತ್ತು, ಕಾಲು, ರೆಕ್ಕೆ, ಪುಕ್ಕ, ಚರ್ಮ ಎಲ್ಲಾ ಕೂಡಿಸಿಟ್ಟ. ಲಂಡನ್ನಿನಲ್ಲಿ ಪಕ್ಷಿತಜ್ಞ ಜಾನ್ ಗೌಲ್ಡ್ 1837ರಲ್ಲಿ ಆ ಊಟದ ಅವಶೇಷಕ್ಕೆ ಡಾರ್ವಿನ್ನನ ಹೆಸರನ್ನೇ ಇಟ್ಟ.

ಗ್ಯಾಲಪಗೋಸ್ ಕಥೆ ನಿಮಗೆ ಗೊತ್ತಿರಬಹುದು, ಆದರೆ ಅದರ ಈ ಭಾಗವನ್ನು ನಮಗ್ಯಾರೂ ಹೇಳಿರಲಿಲ್ಲ. 1835ರಲ್ಲಿ ಆ ದ್ವೀಪಗಳಿಗೆ ಹೋದಾಗ ಒಂದೊಂದು ದ್ವೀಪದ ಆಮೆಯೂ ಬೇರೆ ಬೇರೆ ಅಂತ ಅಲ್ಲಿನ ಅಧಿಕಾರಿ ಹೇಳಿದ್ದರು. ಡಾರ್ವಿನ್ ಅದಕ್ಕೆ ತಕ್ಷಣ ಗಮನ ಕೊಡಲಿಲ್ಲ. ಫಿಂಚ್ ಹಕ್ಕಿಗಳನ್ನು ಯಾವುದು ಯಾವ ದ್ವೀಪದ್ದು ಅಂತ ಬರೆಯದೆ ಬೆರೆಸಿಬಿಟ್ಟಿದ್ದ. ಪಠ್ಯಪುಸ್ತಕದಲ್ಲಿ ಅವನ ಹೆಸರಿನ ಜೊತೆಗೇ ಬರುವ ಆ ಫಿಂಚ್‌ಗಳಿಗೆ ಅವನೇ ಸರಿಯಾಗಿ ಲೇಬಲ್ ಹಾಕಿರಲಿಲ್ಲ! ಊರಿಗೆ ಬಂದ ಮೇಲೆ ಕ್ಯಾಪ್ಟನ್ ಫಿಟ್ಜ್‌ರಾಯ್ ಮತ್ತು ಹಡಗಿನ ಬೇರೆಯವರು ಲೇಬಲ್ ಹಾಕಿ ಇಟ್ಟಿದ್ದ ಹಕ್ಕಿಗಳನ್ನು ನೋಡಿ ಸರಿಪಡಿಸಿಕೊಳ್ಳಬೇಕಾಯಿತು. ಅಷ್ಟು ಬರೆಯುವ ಮನುಷ್ಯನಿಗೂ ಬರೆಯದೆ ಬಿಟ್ಟಿದ್ದೇ ಪೆಟ್ಟು ಕೊಟ್ಟಿತು.

ಪೆನ್ಸಿಲ್ಲಿನಲ್ಲಿ ಗೀಚಿದ್ದೆಲ್ಲ ತಮಾಷೆಯಲ್ಲ. ಆ ದಾರಿಯ ಮೇಲೆ ಜನರಲ್ ರೋಸಾಸ್ ಅನ್ನುವವನ ಸೈನ್ಯ ಮೂಲನಿವಾಸಿಗಳನ್ನು ಹುಡುಕಿ ಹುಡುಕಿ ಕೊಲ್ಲುತ್ತಿತ್ತು. ಇಪ್ಪತ್ತು ದಾಟಿದಂತೆ ಕಾಣುವ ಹೆಂಗಸರನ್ನೂ ಕೊಲ್ಲುತ್ತಿದ್ದರು, ಮಕ್ಕಳನ್ನು ಆಳುಗಳಾಗಿ ಮಾರುತ್ತಿದ್ದರು. ಸೆರೆ ಸಿಕ್ಕ ಮೂವರು ತಮ್ಮವರು ಎಲ್ಲಿದ್ದಾರೆಂದು ಹೇಳಲು ಒಪ್ಪದೆ ಒಬ್ಬರಾದ ಮೇಲೊಬ್ಬರು ಗುಂಡೇಟು ತಿಂದ ವಿಷಯವನ್ನು ಅವನು ಆ ದಾಳಿಗೆ ಹೋಗಿ ಬಂದವನ ಬಾಯಲ್ಲಿ ಕೇಳಿ ಬರೆದ. ಇಲ್ಲಿ ಎಲ್ಲರೂ ಇದನ್ನು ನ್ಯಾಯದ ಯುದ್ಧ ಅಂತಲೇ ನಂಬಿದ್ದಾರೆ, ಈ ಕಾಲದಲ್ಲಿ ಇಂಥ ಕ್ರೌರ್ಯ ನಡೆಯುತ್ತೆ ಅಂದರೆ ಯಾರು ನಂಬುತ್ತಾರೆ ಅಂತ ಸಿಟ್ಟು, ಆಶ್ಚರ್ಯ ಎರಡೂ ಇದೆ. ಅದೇ ಡೈರಿಯಲ್ಲಿ ಕೆಲವು ದಿನ ಹಿಂದೆ ಅದೇ ರೋಸಾಸ್‌ನನ್ನು ಭೇಟಿಯಾಗಿ, ಅಸಾಧಾರಣ ಮನುಷ್ಯ, ಇವನಿಂದ ಈ ದೇಶಕ್ಕೆ ಒಳ್ಳೆಯದಾಗುತ್ತೆ ಅಂತ ಮೆಚ್ಚಿ ಬರೆದಿದ್ದೂ ಇದೆ. ಅವನಿಗೆ ಮುಂದಿನ ಕುದುರೆಗಳನ್ನು ಕೊಡಲು ಆಜ್ಞೆ ಬರೆದುಕೊಟ್ಟಿದ್ದೂ ಅದೇ ರೋಸಾಸ್. ಆಮೇಲೆ ರೋಸಾಸ್ ಸರ್ವಾಧಿಕಾರಿಯಾದ, 1852ರಲ್ಲಿ ಸೋತು ಇಂಗ್ಲೆಂಡಿಗೆ ಓಡಿಹೋದ.

1839ರಲ್ಲಿ ಪ್ರಯಾಣದ ಪುಸ್ತಕ ಬಂತು. 1845ರಲ್ಲಿ ಎರಡನೇ ಆವೃತ್ತಿ ತರುವಾಗ ಡಾರ್ವಿನ್ ಆ ಹೊಗಳಿಕೆಯನ್ನು ಅಳಿಸಿಬಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವನು ಅಳಿಸಲಿಲ್ಲ. ಕೆಳಗೆ ಒಂದು ಅಡಿಟಿಪ್ಪಣಿ ಹಾಕಿ, ನನ್ನ ಈ ಭವಿಷ್ಯ ಪೂರ್ತಿ ಸುಳ್ಳಾಯಿತು ಅನ್ನೋ ಅರ್ಥದಲ್ಲಿ ಬರೆದು ಇಸವಿ ನಮೂದಿಸಿದ. ನಾವಾಗಿದ್ದರೆ? ವೈಟ್ನರ್.

ವಯಸ್ಸಾದ ಮೇಲೆ ಬರೆದ ಆತ್ಮಕಥೆಯಲ್ಲಿ ಅವನು ತನ್ನ ಒಂದು ನಿಯಮ ಹೇಳುತ್ತಾನೆ. ತಾನು ನಂಬಿಕೊಂಡಿದ್ದಕ್ಕೆ ವಿರುದ್ಧವಾದ ಸಂಗತಿ ಏನು ಕಂಡರೂ ತಪ್ಪದೆ, ತಕ್ಷಣ ಬರೆದುಕೊಳ್ಳುವುದು. ಯಾಕೆಂದರೆ ನಮಗೆ ಅನುಕೂಲವಾದದ್ದು ನೆನಪಿನಲ್ಲಿ ಉಳಿಯುತ್ತೆ, ಅನುಕೂಲವಲ್ಲದ್ದು ಬೇಗ ಜಾರಿಹೋಗುತ್ತೆ. ಇದನ್ನು ಓದಿದ ದಿನ ನಮ್ಮಲ್ಲಿ ಇದರ ಮೇಲೆ ಜೋರು ಚರ್ಚೆ ನಡೆಯಿತು. ಲ್ಯಾಬಲ್ಲಿ ಗ್ರಾಫಿಗೆ ಕೂರದ ರೀಡಿಂಗನ್ನು ನಾವು ಏನು ಮಾಡ್ತೀವಿ? 'ಹ್ಯೂಮನ್ ಎರರ್' ಅಂತ ಬಿಟ್ಟುಬಿಡ್ತೀವಿ, ಪಾಯಿಂಟನ್ನು ಲೈನಿನ ಮೇಲೆ ತಂದು ಕೂರಿಸ್ತೀವಿ. ಚೆನ್ನಾಗಿ ನಕ್ಕೆವು. ಅಲ್ಲಿಗೆ ಡಾರ್ವಿನ್ ವಿಷಯ ಮುಗಿಯುತ್ತಿತ್ತು, ಈ ಲೇಖನವೂ ಹುಟ್ಟುತ್ತಿರಲಿಲ್ಲ.

ಆದರೆ ಮೂರನೇ ಸೆಮಿಸ್ಟರ್ ಮಧ್ಯದಲ್ಲಿ ನಮ್ಮ ನಾಲ್ಕನೇ ರೂಮ್‌ಮೇಟ್ ಕಾಲೇಜು ಬಿಟ್ಟ. ಒಂದು ಶುಕ್ರವಾರ ಊರಿಗೆ ಹೋದವನು ಸೋಮವಾರ ಬರಲಿಲ್ಲ. ಆಮೇಲೆ ಫೋನ್ ಮಾಡಿ, ಇನ್ನು ಬರಲ್ಲ ಕಣ್ರೋ ಅಂದ. ನಮಗೆ ನಿಜವಾಗಲೂ ಶಾಕ್. ಹಾಸ್ಟೆಲ್‌ನಲ್ಲಿ ಎಲ್ಲರೂ ಕೇಳಿದರು, ವಾರ್ಡನ್ ಕೇಳಿದರು, ಅವನ ಮನೆಯವರೂ ಕೇಳಿದರು: ನಿಮಗೇನೂ ಗೊತ್ತಾಗಲಿಲ್ವಾ? ಇಲ್ಲ, ಚೆನ್ನಾಗೇ ಇದ್ದ, ಏನೂ ಸೂಚನೆ ಇರಲಿಲ್ಲ ಅಂತ ಎಲ್ಲರಿಗೂ ಒಂದೇ ಉತ್ತರ ಕೊಟ್ಟೆವು. ಸುಳ್ಳು ಹೇಳುತ್ತಿದ್ದೇವೆ ಅಂತ ನಮಗೆ ಅನ್ನಿಸಲೂ ಇಲ್ಲ.

ಜನವರಿಯಲ್ಲಿ ಟಿಸಿ, ಮಾರ್ಕ್ಸ್ ಕಾರ್ಡ್ ತಗೊಳ್ಳೋಕೆ ಅವನು ಬಂದ. ರೂಮಿಗೆ ಬಂದು ತನ್ನ ಹಳೇ ಮಂಚದ ಮೇಲೆ ಕೂತ. ಚೆನ್ನಾಗಿದ್ದ, ಸ್ವಲ್ಪ ದಪ್ಪ ಆಗಿದ್ದ. ಶೆಲ್ಫಿನಲ್ಲಿ ಅವನ ಇಂಟರ್ನ್‌ಶಿಪ್ ರೆಕಾರ್ಡ್ ಇನ್ನೂ ಹಾಗೇ ಇತ್ತು. ತೆಗೆದು ಓದತೊಡಗಿದ. ಅವನ ಹೆಸರಲ್ಲಿ ನಾವು ಬರೆದಿದ್ದು, ಅವನು ಅದುವರೆಗೂ ಓದಿರಲೇ ಇಲ್ಲ. ಓದ್ತಾ ನಗ್ತಿದ್ದ. 17ನೇ ದಿನದ ಪುಟಕ್ಕೆ ಬಂದಾಗ ನಗು ನಿಂತಿತು. ಅಲ್ಲಿ ಇದ್ದಿದ್ದು ಇಷ್ಟೇ: 'ಇವತ್ತು ಸೆನ್ಸರ್‌ಗಳ ಬಗ್ಗೆ ಕಲಿತೆ. ತುಂಬಾ ಖುಷಿಯಾಯಿತು.'

'ಈ ದಿನ ನಾನು ಎಲ್ಲಿದ್ದೆ ಗೊತ್ತಾ?' ಅಂತ ಕೇಳಿದ. ಗೊತ್ತಿಲ್ಲ ಅಂದೆವು. ಬ್ಯಾಗ್ ತುಂಬಿಕೊಂಡು ಬಸ್‌ಸ್ಟ್ಯಾಂಡಿಗೆ ಹೋಗಿದ್ದನಂತೆ. ಮಧ್ಯಾಹ್ನದಿಂದ ಸಂಜೆವರೆಗೂ ಊರಿನ ಬಸ್ಸುಗಳು ಬಂದು ಬಂದು ಹೋಗುವುದನ್ನು ನೋಡುತ್ತಾ ಕೂತಿದ್ದು, ಮನೆಯಲ್ಲಿ ಹೇಗೆ ಹೇಳೋದು ಅಂತ ಹೊಳೆಯದೆ ವಾಪಸ್ ಬಂದನಂತೆ. ತಾರೀಕು ಅವನಿಗೆ ಖಚಿತವಾಗಿ ನೆನಪಿತ್ತು, ಯಾಕಂದ್ರೆ ಅವತ್ತು ಅವನ ಅಮ್ಮನ ಹುಟ್ಟುಹಬ್ಬ. ಸಂಜೆ ರೂಮಿಗೆ ಬಂದಾಗ ನಾವು ಮ್ಯಾಚ್ ನೋಡ್ತಿದ್ದೆವಂತೆ. 'ಬ್ಯಾಗ್ ಯಾಕೋ' ಅಂತ ನಮ್ಮಲ್ಲೊಬ್ಬ ಕೇಳಿದನಂತೆ. 'ಲಾಂಡ್ರಿ' ಅಂದನಂತೆ. ಅಲ್ಲಿಗೆ ಮುಗೀತಂತೆ.

ಇಷ್ಟೊಂದು 'ಅಂತೆ' ಯಾಕೆ ಅಂದರೆ ನಮಗೆ ಇದ್ಯಾವುದೂ ನೆನಪಿಲ್ಲ. ಅವನು ಹೋದ ಮೇಲೆ ಮೂವರೂ ಕೂತು ನೆನಪಿಸಿಕೊಳ್ಳೋಕೆ ನೋಡಿದೆವು. ಆಗ ಒಂದೊಂದೇ ಬಂತು. ಆ ತಿಂಗಳು ಅವನು ರಾತ್ರಿ ಊಟಕ್ಕೆ ಮೆಸ್ಸಿಗೆ ಬರ್ತಿರಲಿಲ್ಲ. ಡ್ರಾಯಿಂಗ್ ಮುಗೀತಲ್ಲ ಅಂತ ಡ್ರಾಫ್ಟರ್ ಮಾರಿದ್ದ, ಸರಿ. ಕ್ಯಾಲ್ಕುಲೇಟರನ್ನೂ ಮಾರಿದ್ದ. ಎಂಜಿನಿಯರಿಂಗ್ ಓದುವವನು ಕ್ಯಾಲ್ಕುಲೇಟರ್ ಮಾರ್ತಾನಾ? ಅವತ್ತು ನಾವು ಅವನ ರೇಟ್ ಕಮ್ಮಿ ಆಯ್ತು ಅಂತ ತಮಾಷೆ ಮಾಡಿದ್ದೆವು. ಎಲ್ಲವೂ ಕಣ್ಣ ಮುಂದೇ ಇತ್ತು. ಆದರೆ ಯಾವುದು ಮೊದಲು ಯಾವುದು ಆಮೇಲೆ, ಎಷ್ಟು ದಿನ ಊಟ ಬಿಟ್ಟ, ಒಂದೂ ಸರಿಯಾಗಿ ಹೇಳೋಕೆ ಆಗಲಿಲ್ಲ. ಮೂವರದ್ದು ಮೂರು ಥರ. ಆ ತಿಂಗಳಿನ ಬಗ್ಗೆ ನಮ್ಮ ಹತ್ತಿರ ಇರುವ ಲಿಖಿತ ದಾಖಲೆ ಆ ನಾಲ್ಕು ರೆಕಾರ್ಡುಗಳು ಮಾತ್ರ. ಅದರಲ್ಲಿ ಅವನು 28 ದಿನವೂ ಖುಷಿಯಾಗಿದ್ದಾನೆ. ಬರೆದವರು ನಾವು.

'ಚೆನ್ನಾಗಿದ್ದ' ಅನ್ನೋದು ನಮಗೆ ಅನುಕೂಲವಾಗಿತ್ತು. ಅದೊಂದೇ ನೆನಪಿನಲ್ಲಿ ಉಳಿದುಕೊಂಡಿತು. ಅದಕ್ಕೆ ಹೊಂದದ್ದೆಲ್ಲ ಜಾರಿಹೋಯಿತು, ಡಾರ್ವಿನ್ ಹೇಳಿದ ಹಾಗೇ. ಲ್ಯಾಬ್ ರೀಡಿಂಗ್ ನೆನೆದು ನಕ್ಕಿದ್ದೆವಲ್ಲ, ಈ ಸಲ ನಗು ಬರಲಿಲ್ಲ. ಬರೆದಿದ್ದರೆ ಅವನು ಕಾಲೇಜು ಬಿಡುತ್ತಿರಲಿಲ್ಲ ಅಂತ ನಾವು ಹೇಳುತ್ತಿಲ್ಲ. ಬಿಟ್ಟಿದ್ದೇ ಒಳ್ಳೆಯದಾಯಿತು ಅಂತ ಅವನೇ ಅಂತಾನೆ. ಈಗ ಊರ ಹತ್ತಿರದ ಕಾಲೇಜಿಗೆ ಹೋಗ್ತಿದ್ದಾನೆ. ಈ ಲೇಖನವನ್ನೂ ಅವನನ್ನು ಕೇಳಿಯೇ ಬರೀತಿದ್ದೇವೆ, ಹೆಸರು ಹಾಕಬೇಡಿ ಅಂದ ಅಷ್ಟೇ. ಆದರೆ ಆ ಸಂಜೆ 'ಲಾಂಡ್ರಿ' ಅಂದಾಗ ರಾತ್ರಿ ಕೂತು ಎರಡು ಸಾಲು ಬರೆದಿದ್ದರೆ, ಬಟ್ಟೆ ಒಗೆಯೋಕೆ ಟ್ರಾಲಿ ಬ್ಯಾಗ್ ಯಾಕೆ ಅಂತ ಒಬ್ಬನಾದರೂ ಯೋಚಿಸುತ್ತಿದ್ದನೇನೋ. ಅವನಿಗೆ ಆ ತಿಂಗಳು ಮಾತಾಡೋಕೆ ಒಬ್ಬರು ಸಿಗುತ್ತಿದ್ದರು.

ಈಗ ಮೂವರ ಹತ್ತಿರವೂ ಜೇಬಿಗೆ ಹಿಡಿಯುವ ಒಂದೊಂದು ಪುಸ್ತಕ ಇದೆ. ಕ್ಯಾಂಪಸ್ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಹದಿನೈದು ರೂಪಾಯಿ. ಕುದುರೆ ಇಲ್ಲ, ಬಸ್ ಪಾಸ್ ಇದೆ. ನಿಯಮ ಮೂರೇ. ಅವತ್ತಿಂದು ಅವತ್ತೇ ಬರೆಯಬೇಕು. ನೋಡಿದ್ದು ಬೇರೆ, ಕೇಳಿದ್ದು ಬೇರೆ ಅಂತ ಗುರುತು ಹಾಕಬೇಕು. ತಪ್ಪಾದರೆ ಹರಿಯಬಾರದು, ಪಕ್ಕದಲ್ಲಿ ತಾರೀಕು ಹಾಕಿ ತಪ್ಪು ಅಂತ ಬರೆಯಬೇಕು. ಶುರುವಿನಲ್ಲಿ ಇಂಗ್ಲಿಷ್‌ನಲ್ಲಿ ಬರೆದೆವು, ಏನೇ ಬರೆದರೂ ಇಂಟರ್ನ್‌ಶಿಪ್ ರಿಪೋರ್ಟ್ ಥರ ಕಾಣ್ತಿತ್ತು. ಕನ್ನಡಕ್ಕೆ ಬಂದೆವು. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ ಓದಿದವರು, ಒತ್ತಕ್ಷರ ಹೋಗ್ತವೆ, ಅಲ್ಪಪ್ರಾಣ ಮಹಾಪ್ರಾಣ ಎರಡೂ ಹೋಗ್ತವೆ. ಆದರೆ 'ತುಂಬಾ ಉಪಯುಕ್ತವಾಗಿತ್ತು' ಅಂತ ಬರೆಯೋಕೆ ಮಾತ್ರ ಕನ್ನಡದಲ್ಲಿ ನಾಚಿಕೆ ಆಗುತ್ತೆ. ಮೂವರೂ ದಿನಾ ಬರೀತೀವಿ ಅಂದರೆ ಅದೂ ಸುಳ್ಳಾಗುತ್ತೆ. ಇಂಟರ್ನಲ್ಸ್ ಟೈಮಲ್ಲಿ ಒಂಬತ್ತು ದಿನ ಖಾಲಿ ಇವೆ. ಖಾಲಿ ಅಂತಲೇ ಬಿಟ್ಟಿದ್ದೇವೆ, ತುಂಬಿಸಿಲ್ಲ.

ನಿಮ್ಮ ಡೈರಿ ಸಬ್ಮಿಷನ್ ಯಾವಾಗ ಅಂತ ನಮಗೆ ಗೊತ್ತು, ನೋಟಿಸ್ ಬೋರ್ಡ್ ಮೇಲಿದೆ. ಬುದ್ಧಿ ಹೇಳುವ ಯೋಗ್ಯತೆ ನಮಗಿಲ್ಲ. ಒಂದು ಕೇಳಿಕೊಳ್ತೀವಿ. ನಿಮ್ಮದನ್ನು ಒಂದೇ ರಾತ್ರಿಯಲ್ಲಿ ಬರೆದರೂ ಪರವಾಗಿಲ್ಲ, ಪಕ್ಕದ ಮಂಚದಲ್ಲಿ ಗೋಡೆ ಕಡೆ ತಿರುಗಿ ಮಲಗಿರುವವನದ್ದನ್ನು ಮಾತ್ರ ನೀವು ಬರೆಯಬೇಡಿ. ಎಬ್ಬಿಸಿ ಕೇಳಿ.

ಇವತ್ತಿನ ಪುಟದಲ್ಲಿ ಇಷ್ಟಿದೆ: ಬೆಳಗ್ಗೆ ಪುಳಿಯೋಗರೆ, ಉಪ್ಪು ಜಾಸ್ತಿ. ಸಿಗ್ನಲ್ಸ್ ಕ್ಲಾಸ್ ಅರ್ಥ ಆಗಲಿಲ್ಲ. ಮಧ್ಯಾಹ್ನ ಮಳೆ ಬರುತ್ತೆ ಅಂತ ಕ್ಯಾಂಟೀನ್ ಅಣ್ಣ ಹೇಳಿದ್ದು, ಬರಲಿಲ್ಲ. ಮೂರನೇ ಬೆಂಚಿನ ಹುಡುಗಿ ಎರಡು ದಿನದಿಂದ ಕ್ಲಾಸಿಗೆ ಬಂದಿಲ್ಲ. ನಾಳೆ ಕೇಳಬೇಕು.